ಉಪ್ಪುಗಾಳಿಗೆ ಬಗ್ಗದ ಕಡಲಂಚಿನ ಕೈತೋಟ: ವಿನ್ಯಾಸದಿಂದ ಆರೈಕೆಯವರೆಗೆ

ಕಡಲಂಚಿನ ತೋಟದಲ್ಲಿ ಗಾಳಿ ಮತ್ತು ಉಪ್ಪು ಎರಡು ಬೇರೆ ಬೇರೆ ತೊಂದರೆಗಳಂತೆ ಕಂಡರೂ ಬಹುಪಾಲು ಅವು ಒಟ್ಟಿಗೇ ಬರುತ್ತವೆ. ಅಲೆ ಒಡೆದು ನೊರೆಯಾದಾಗ ಅದರೊಳಗಿನ ಗುಳ್ಳೆಗಳು ಸಿಡಿದು, ಕಣ್ಣಿಗೆ ಕಾಣದಷ್ಟು ಕಿರಿದಾದ ಉಪ್ಪುನೀರಿನ ಹನಿಗಳು ಗಾಳಿಗೆ ಸೇರುತ್ತವೆ. ಗಾಳಿ ಅವನ್ನು ಹೊತ್ತು ತಂದು ಎದುರಾದ ಎಲೆ, ಗೋಡೆ, ಕಿಟಕಿಗಳ ಮೇಲೆಲ್ಲ ಎರಚುತ್ತದೆ. ಹನಿಯ ನೀರು ಆರಿದ ಮೇಲೆ ಎಲೆಯ ಮೇಲೆ ಉಳಿಯುವ ಉಪ್ಪು, ಗಾಳಿಯ ತಿಕ್ಕಾಟದಿಂದ ಎಲೆಯ ಮೇಣದ ಪದರದಲ್ಲಿ ಬಿದ್ದ ಸಣ್ಣ ಗೀರುಗಳ ಮೂಲಕ ಒಳಗಿಳಿದು, ಜೀವಕೋಶಗಳ ನೀರನ್ನು ಹೀರಿ, ಮೊದಲು ಎಲೆಯ ಅಂಚನ್ನೂ ಆಮೇಲೆ ಇಡೀ ಚಿಗುರನ್ನೂ ಸುಡುತ್ತದೆ. ಗಾಳಿಯ ಬಿರುಸನ್ನು ತಗ್ಗಿಸಿ ಅದನ್ನು ಎಲೆಗಳ ನಡುವೆ ಹಾಯುವಂತೆ ಮಾಡಿದರೆ ಅದು ಹೊತ್ತು ತಂದ ಉಪ್ಪಿನಲ್ಲಿ ಹೆಚ್ಚಿನ ಪಾಲು ಅಲ್ಲಿಯೇ ಉಳಿದುಬಿಡುತ್ತದೆ. ಆದ್ದರಿಂದ ಯಾವ ಹೂವು, ಯಾವ ಹಣ್ಣು ಎಂಬ ಪ್ರಶ್ನೆಗಿಂತ ಮೊದಲು ಗಾಳಿಯನ್ನು ಎಲ್ಲಿ, ಯಾವುದರಿಂದ, ಎಷ್ಟು ತಡೆಯಬೇಕು ಎಂಬುದನ್ನು ನಿರ್ಧರಿಸಬೇಕು. ಗಾಳಿತಡೆಯ ಸಾಲು ಬೇರೂರಿದ ನಂತರವೇ ಅದರ ಹಿಂದಿನ ತೋಟಕ್ಕೆ ಕೈ ಹಾಕಬೇಕು. ಈ ಕ್ರಮವನ್ನು ಪಾಲಿಸಿದವರಿಗೆ ಗಿಡಗಳ ಆಯ್ಕೆ ಸುಲಭವಾಗುತ್ತದೆ. ಪಾಲಿಸದವರು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹೊಸ ಸಸಿಗಳನ್ನು ನೆಡುತ್ತಲೇ ಇರಬೇಕಾಗುತ್ತದೆ.

ಇನ್ನೊಂದು ವಿಷಯವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಎಲೆಯ ಮೇಲೆ ಬೀಳುವ ಉಪ್ಪನ್ನು ತಾಳುವ ಗುಣ ಮತ್ತು ಬೇರಿಗೆ ತಗಲುವ ಉಪ್ಪನ್ನು ತಾಳುವ ಗುಣ ಒಂದೇ ಅಲ್ಲ. ದಪ್ಪ ಮೇಣದ ಎಲೆಯಿರುವ ಕಾರಣಕ್ಕೆ ಗಾಳಿಯ ಉಪ್ಪನ್ನು ಲೆಕ್ಕಿಸದ ಗಿಡವು ಉಪ್ಪುನೀರು ನಿಂತ ಮಣ್ಣಿನಲ್ಲಿ ಬದುಕದೆ ಹೋಗಬಹುದು. ಉಪ್ಪುಮಣ್ಣಿನಲ್ಲಿ ಬೆಳೆಯಬಲ್ಲ ಗಿಡದ ಎಳೆಯ ಎಲೆಗಳು ನೇರ ಗಾಳಿಗೆ ಕಪ್ಪಾಗಬಹುದು. ಗಿಡದ ಹೆಸರಿನ ಮುಂದೆ ‘ಉಪ್ಪು ಸಹಿಷ್ಣು’ ಎಂದು ಬರೆದಿದ್ದರೆ ಅದು ಯಾವ ಉಪ್ಪಿನ ಮಾತು ಎಂದು ವಿಚಾರಿಸಿಯೇ ಕೊಳ್ಳಬೇಕು.

ಜಾಗವನ್ನು ಅರಿಯುವುದು

ಸಾಧ್ಯವಿದ್ದರೆ ಒಂದು ಇಡೀ ವರ್ಷ, ಸಾಧ್ಯವಿಲ್ಲದಿದ್ದರೆ ಅತಿ ಹೆಚ್ಚು ಗಾಳಿ ಬೀಸುವ ತಿಂಗಳುಗಳಲ್ಲಾದರೂ ಜಾಗವನ್ನು ಗಮನಿಸಬೇಕು. ಕಡಲ ತೀರದಲ್ಲಿ ಹಗಲು ನೀರಿನ ಕಡೆಯಿಂದ ನೆಲದ ಕಡೆಗೂ ರಾತ್ರಿ ನೆಲದಿಂದ ನೀರಿನ ಕಡೆಗೂ ಗಾಳಿ ಹರಿಯುವುದು ವಾಡಿಕೆಯಾದರೂ, ಗಿಡಗಳಿಗೆ ಹಾನಿ ಮಾಡುವುದು ಈ ದಿನನಿತ್ಯದ ಗಾಳಿಗಿಂತ ಹೆಚ್ಚಾಗಿ ವರ್ಷದ ಕೆಲವು ವಾರಗಳಲ್ಲಿ ಒಂದೇ ದಿಕ್ಕಿನಿಂದ ಬಿಡದೆ ಬೀಸುವ ಗಾಳಿ. ಆ ದಿಕ್ಕು ತೀರಕ್ಕೆ ಲಂಬವಾಗಿಯೇ ಇರಬೇಕೆಂದಿಲ್ಲ. ಎಷ್ಟೋ ಕಡೆ ಅದು ಓರೆಯಾಗಿ ಬರುತ್ತದೆ ಮತ್ತು ಗಾಳಿತಡೆಯನ್ನು ಸಮುದ್ರಕ್ಕೆ ಸಮಾನಾಂತರವಾಗಿ ನೆಟ್ಟವರ ತೋಟದೊಳಗೆ ಪಕ್ಕದಿಂದ ನುಗ್ಗುತ್ತದೆ. ಜಾಗದ ಬೇರೆ ಬೇರೆ ಕಡೆ ಕೋಲು ನೆಟ್ಟು, ಮೊಣಕಾಲೆತ್ತರದಲ್ಲಿ ಒಂದು, ತಲೆಯೆತ್ತರದಲ್ಲಿ ಒಂದು ಬಟ್ಟೆಯ ಪಟ್ಟಿ ಕಟ್ಟಿದರೆ ಗಾಳಿಯ ದಾರಿ ಕೆಲವೇ ದಿನಗಳಲ್ಲಿ ಕಾಣತೊಡಗುತ್ತದೆ. ಎರಡು ಕಟ್ಟಡಗಳ ನಡುವಿನ ಓಣಿಯಲ್ಲಿ, ಕಾಂಪೌಂಡಿನ ಗೇಟಿನ ಬಳಿ, ಮನೆಯ ಮೂಲೆಗಳಲ್ಲಿ ಗಾಳಿಯ ವೇಗ ಹೆಚ್ಚುತ್ತದೆ. ನಕ್ಷೆಯಲ್ಲಿ ಅಂಥ ಜಾಗಗಳನ್ನು ಗುರುತಿಸಿಟ್ಟುಕೊಳ್ಳಬೇಕು.

ಸುತ್ತಲಿನ ಹಳೆಯ ಮರಗಳು ಈ ವಿಷಯದಲ್ಲಿ ಯಾವ ಉಪಕರಣಕ್ಕೂ ಕಡಿಮೆಯಲ್ಲ. ಕಡಲ ಕಡೆಯ ಮೊಗ್ಗುಗಳು ಉಪ್ಪಿಗೆ ಸುಟ್ಟು, ನೆಲದ ಕಡೆಯವು ಮಾತ್ರ ಬೆಳೆಯುವುದರಿಂದ ತೀರದ ಮರಗಳ ತಲೆ ಒಂದೇ ಕಡೆಗೆ ಬಾಚಿದಂತೆ ಓರೆಯಾಗಿರುತ್ತದೆ. ಆ ಓರೆಯ ದಿಕ್ಕು ಹಾನಿಕರ ಗಾಳಿಯ ದಿಕ್ಕನ್ನೂ, ಓರೆಯ ಪ್ರಮಾಣ ಅದರ ಬಿರುಸನ್ನೂ ತಿಳಿಸುತ್ತದೆ. ಎಲ್ಲಿ ಮರಗಳು ನೇರವಾಗಿ ಬೆಳೆದಿವೆಯೋ ಅಲ್ಲಿಗೆ ಉಪ್ಪುಗಾಳಿಯ ಬಾಧೆ ಅಷ್ಟಾಗಿ ತಲುಪಿಲ್ಲ ಎಂದು ತಿಳಿಯಬಹುದು. ಇದರ ಜೊತೆಗೆ ಕಿಟಕಿಯ ಗಾಜಿನ ಮೇಲೆ ಬಿಳಿಯ ಪೊರೆ ಎಷ್ಟು ಬೇಗ ಕಟ್ಟುತ್ತದೆ, ಕಬ್ಬಿಣದ ಸರಳು ಯಾವ ಬದಿಯಲ್ಲಿ ಮೊದಲು ತುಕ್ಕು ಹಿಡಿಯುತ್ತದೆ, ಮರಳು ಎಲ್ಲಿ ರಾಶಿ ಬೀಳುತ್ತದೆ ಎಂಬುದನ್ನೂ ನೋಡಬೇಕು.

ಗಾಳಿಯನ್ನು ಸೋಸುವ ತಡೆ

ಗಾಳಿಯನ್ನು ತಡೆಯಲು ಎತ್ತರದ ಗಟ್ಟಿ ಗೋಡೆ ಕಟ್ಟುವುದು ಸಹಜವಾಗಿ ಹೊಳೆಯುವ ಉಪಾಯ. ಆದರೆ ಕಡಲಂಚಿನ ತೋಟಕ್ಕೆ ಅದರಿಂದ ಆಗುವ ಉಪಕಾರ ಕಡಿಮೆ. ಗೋಡೆಗೆ ಬಡಿದ ಗಾಳಿ ಮೇಲೇರಿ, ಗೋಡೆಯನ್ನು ದಾಟಿದ ಕೂಡಲೇ ಸುಳಿಯಾಗಿ ಕೆಳಗಿಳಿಯುತ್ತದೆ ಮತ್ತು ಗೋಡೆಯಿಂದ ಸ್ವಲ್ಪ ದೂರದಲ್ಲಿರುವ ಗಿಡಗಳನ್ನು ಎಲ್ಲ ದಿಕ್ಕುಗಳಿಂದಲೂ ಕುಲುಕುತ್ತದೆ. ಅದರ ಬದಲು ಅರ್ಧದಷ್ಟು ಗಾಳಿಯನ್ನು ತಡೆದು ಇನ್ನರ್ಧವನ್ನು ನಿಧಾನವಾಗಿ ಹಾಯಲು ಬಿಡುವ, ಅಂದರೆ ಸುಮಾರು 50 ಶೇಕಡಾ ತೆರಪಿರುವ ತಡೆ ಬಹಳ ಹೆಚ್ಚು ಪರಿಣಾಮಕಾರಿ. ಇಂಥ ಜೀವಂತ ಬೇಲಿಯ ಹಿಂದೆ ಅದರ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಗಾಳಿಯ ವೇಗ ಗಣನೀಯವಾಗಿ ತಗ್ಗಿರುತ್ತದೆ: 3 ಮೀಟರ್ ಎತ್ತರದ ಸಾಲು ಏರಿಸಿದರೆ ಅದರ ಹಿಂದೆ 30 ಮೀಟರ್ ವರೆಗೂ ಆಸರೆ ಸಿಗುತ್ತದೆ. ಅತ್ಯಂತ ಹೆಚ್ಚಿನ ಆಸರೆ ತಡೆಯ ಬುಡದಲ್ಲಿರದೆ ಎತ್ತರದ ಮೂರರಿಂದ ಆರು ಪಟ್ಟು ದೂರದಲ್ಲಿ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಕೂರುವ ಜಾಗ, ತರಕಾರಿ ಮಡಿ, ಸೂಕ್ಷ್ಮ ಗಿಡಗಳ ಪಾತಿ ಇವುಗಳಿಗೆ ಸ್ಥಳ ಗೊತ್ತುಮಾಡುವುದು ಸುಲಭ.

ಗಾಳಿ ತಡೆಯ ಎರಡು ತುದಿಗಳನ್ನೂ ಸುತ್ತಿಕೊಂಡು ಒಳಗೆ ಬರುವುದರಿಂದ, ಕಾಪಾಡಬೇಕಾದ ಜಾಗಕ್ಕಿಂತ ತಡೆಯ ಸಾಲು ಎರಡು ಕಡೆಯೂ ಉದ್ದವಾಗಿರಬೇಕು, ಇಲ್ಲವೇ ತುದಿಗಳನ್ನು ಒಳಕ್ಕೆ ಬಾಗಿಸಬೇಕು. ಸಾಲಿನ ನಡುವೆ ತೆರಪು ಬಿಟ್ಟರೆ ಆ ಕಿಂಡಿಯಲ್ಲಿ ಗಾಳಿ ಇನ್ನಷ್ಟು ಬಿರುಸಾಗುತ್ತದೆ. ದಾರಿ ಬೇಕೇ ಬೇಕಿದ್ದರೆ ಅದನ್ನು ನೇರವಾಗಿ ಬಿಡದೆ ಓರೆಯಾಗಿ ತೆಗೆಯಬೇಕು, ಅಥವಾ ದಾರಿಯ ಬಾಯಿಗೆ ಎದುರಾಗಿ ಸ್ವಲ್ಪ ಹಿಂದೆ ಇನ್ನೊಂದು ಪೊದೆಯ ಗುಂಪು ನೆಡಬೇಕು. ಸಮುದ್ರದ ನೋಟವನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಾಗುವುದಿಲ್ಲ, ಬಿಟ್ಟುಕೊಡಬೇಕಾಗಿಯೂ ಇಲ್ಲ. ಕುಳಿತಲ್ಲಿಂದ ನೋಡಬೇಕಾದ ಒಂದೆರಡು ಕೋನಗಳನ್ನು ಮೊದಲೇ ಆರಿಸಿಕೊಂಡು, ಆ ನೇರದಲ್ಲಿ ಸೊಂಟದೆತ್ತರದ ಗಿಡಗಳನ್ನೂ ಉಳಿದ ಕಡೆ ಎತ್ತರದ ಗಿಡಗಳನ್ನೂ ಇಟ್ಟರೆ ಚೌಕಟ್ಟಿನಲ್ಲಿಟ್ಟ ಚಿತ್ರದ ಹಾಗೆ ಕಡಲು ಕಾಣುತ್ತದೆ. ಇಡೀ ದಿಗಂತವನ್ನು ತೆರೆದಿಟ್ಟ ತೋಟಕ್ಕಿಂತ ಇದು ನೋಡಲೂ ಚೆಂದ ಎಂಬುದು ನನ್ನ ಅಭಿಪ್ರಾಯ.

ಜೀವಂತ ಬೇಲಿ ಬೆಳೆಯುವವರೆಗೆ ತಾತ್ಕಾಲಿಕ ತಡೆ ಅವಶ್ಯ. ತೆರಪು ಬಿಟ್ಟು ಹೊಡೆದ ಮರದ ಪಟ್ಟಿಗಳು, ಬಿದಿರಿನ ತಟ್ಟಿ, ಹೆಣೆದ ತೆಂಗಿನ ಗರಿ ಅಥವಾ ಅರ್ಧ ತೆರಪಿನ ನೆರಳು ಬಲೆ ಯಾವುದಾದರೂ ಆಗಬಹುದು. ಬಲೆಯನ್ನು ಬಳಸುವುದಾದರೆ ಕಂಬಗಳನ್ನು ಹತ್ತಿರ ಹತ್ತಿರ ನೆಟ್ಟು, ಬಲೆಯ ಎರಡೂ ಅಂಚುಗಳನ್ನು ಪಟ್ಟಿಗಳಿಂದ ಬಿಗಿಯಬೇಕು; ಸಡಿಲ ಬಲೆ ಹಾಯಿಯಂತೆ ಉಬ್ಬಿ ಒಂದೇ ಬಿರುಗಾಳಿಗೆ ಹರಿದುಹೋಗುತ್ತದೆ. ಈ ತಡೆ ಎರಡು ಮೂರು ವರ್ಷ ನಿಲ್ಲುವಷ್ಟು ಗಟ್ಟಿಯಾಗಿರಬೇಕು.

ಎಲೆಯನ್ನು ನೋಡಿ ಗಿಡವನ್ನು ಆರಿಸುವುದು

ಗಿಡಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಎಲೆಯ ಲಕ್ಷಣಗಳನ್ನು ಗುರುತಿಸಲು ಕಲಿಯುವುದು ಹೆಚ್ಚು ಉಪಯುಕ್ತ, ಏಕೆಂದರೆ ಪಟ್ಟಿಯಲ್ಲಿರುವ ಗಿಡ ಎಲ್ಲ ಕಡೆಯೂ ಸಿಗುವುದಿಲ್ಲ. ಕಡಲಗಾಳಿಗೆ ಹೊಂದಿಕೊಂಡ ಗಿಡಗಳ ಎಲೆ ಸಾಮಾನ್ಯವಾಗಿ ಚರ್ಮದಂತೆ ದಪ್ಪನಾಗಿ, ಮೇಣದ ಹೊಳಪಿನಿಂದ ಕೂಡಿರುತ್ತದೆ. ಇಲ್ಲವೇ ಬಹಳ ಕಿರಿದಾಗಿ, ಗಾಳಿ ಸುಲಭವಾಗಿ ಜಾರಿಹೋಗುವಂತೆ ಸೂಜಿಯ ಆಕಾರದಲ್ಲಿರುತ್ತದೆ. ಇಲ್ಲವೇ ನೀರು ತುಂಬಿದ ತಿರುಳಿನಿಂದ ಉಬ್ಬಿರುತ್ತದೆ. ಇನ್ನು ಕೆಲವು ಗಿಡಗಳ ಎಲೆಗಳು ಬೆಳ್ಳಿಯ ಬಣ್ಣದ ನವಿರು ರೋಮಗಳನ್ನು ಹೊದ್ದಿರುತ್ತವೆ. ಉಪ್ಪಿನ ಹನಿ ಆ ರೋಮಗಳ ಮೇಲೆಯೇ ನಿಂತು ಎಲೆಯ ಮೈಯನ್ನು ಮುಟ್ಟುವುದಿಲ್ಲ. ಟ್ಯಾಮರಿಕ್ಸ್‌ನಂಥ ಕೆಲವು ಗಿಡಗಳಿಗೆ ಒಳಬಂದ ಉಪ್ಪನ್ನು ವಿಶೇಷ ಗ್ರಂಥಿಗಳ ಮೂಲಕ ಹೊರಹಾಕುವ ಸಾಮರ್ಥ್ಯವೂ ಇದೆ. ಎಲೆಯ ಜೊತೆಗೆ ರೆಂಬೆಯನ್ನೂ ಬಗ್ಗಿಸಿ ನೋಡಬೇಕು: ಬಳುಕುವ ರೆಂಬೆ ಗಾಳಿಗೆ ಉಳಿಯುತ್ತದೆ, ಟಕ್ಕೆಂದು ಮುರಿಯುವ ರೆಂಬೆ ಮೊದಲ ಸಾಲಿಗೆ ಯೋಗ್ಯವಲ್ಲ. ಅಗಲವಾದ, ತೆಳುವಾದ, ಮೃದುವಾದ ಎಲೆಯ ಗಿಡ ಎಷ್ಟೇ ಸುಂದರವಾಗಿದ್ದರೂ ಅದರ ಸ್ಥಾನ ಮನೆಯ ಮರೆಯಲ್ಲಿ.

ಮರಳು ಇನ್ನೂ ಅಲುಗಾಡುವ, ಕಡಲಿಗೆ ಅತಿ ಹತ್ತಿರದ ಪಟ್ಟಿಯಲ್ಲಿ ನೆಲಕ್ಕೆ ಅಂಟಿಕೊಂಡು ಹರಡುವ ಸಸ್ಯಗಳಿಗೆ ಮಾತ್ರ ಜಾಗವಿದೆ. ಬೆಚ್ಚನೆಯ ತೀರಗಳಲ್ಲಿ ನಡುವೆ ಸೀಳಿದ ಎಲೆಯ, ನೇರಳೆ ಹೂವಿನ ಅಡುಂಬು ಬಳ್ಳಿ ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಮರಳನ್ನು ಹಿಡಿದಿಡುತ್ತದೆ. ರಾವಣನ ಮೀಸೆ ಎಂದು ಕರೆಯುವ ಮುಳ್ಳುತುದಿಯ ಹುಲ್ಲು ಇದೇ ಕೆಲಸವನ್ನು ಇನ್ನೂ ಒರಟಾಗಿ ಮಾಡುತ್ತದೆ. ಇವು ಅಲ್ಲಿ ತಾವಾಗಿಯೇ ಬೆಳೆದಿದ್ದರೆ ಕಿತ್ತು ಸ್ವಚ್ಛ ಮಾಡುವ ಗೋಜಿಗೆ ಹೋಗಬಾರದು.

ಅದರ ಹಿಂದಿನ ಸಾಲು, ಅಂದರೆ ನಿಜವಾದ ಗಾಳಿತಡೆ, ಒಂದೇ ಜಾತಿಯ ಗಿಡಗಳಿಂದಾಗಬಾರದು. ಕಡಲ ಕಡೆ ಗಿಡ್ಡ ಪೊದೆಗಳು, ಅವುಗಳ ಹಿಂದೆ ಎತ್ತರದ ಪೊದೆಗಳು, ಕೊನೆಯಲ್ಲಿ ಮರಗಳು ಹೀಗೆ ಇಳಿಜಾರು ಚಾವಣಿಯ ಆಕಾರದಲ್ಲಿ ಏರುತ್ತ ಹೋದರೆ ಗಾಳಿ ಬಡಿಯದೆ ಮೇಲಕ್ಕೆ ಜಾರುತ್ತದೆ. ಗಿಡ್ಡ ಪೊದೆಗಳಲ್ಲಿ ಅರ್ಧ ಕತ್ತರಿಸಿದಂತೆ ಕಾಣುವ ಬಿಳಿ ಹೂವಿನ ಸ್ಕೆವೋಲಾ ಉತ್ತಮವಾದದ್ದು. ಬುಡದಿಂದ ಊರುಬೇರುಗಳನ್ನು ಇಳಿಬಿಟ್ಟು ನಿಲ್ಲುವ ಕೇದಗೆ ತೀರದ ಗಾಳಿಗೆಂದೇ ಹುಟ್ಟಿದ ಗಿಡ. ಆದರೆ ಅದರ ಎಲೆಯ ಅಂಚಿನಲ್ಲಿ ಮುಳ್ಳುಗಳಿರುವುದರಿಂದ ನಡೆದಾಡುವ ದಾರಿಯಿಂದ ದೂರವಿಡಬೇಕು. ಕಣಗಿಲೆ ಉಪ್ಪನ್ನೂ ಬರವನ್ನೂ ತಾಳಿ ವರ್ಷದ ಹೆಚ್ಚಿನ ಭಾಗ ಹೂ ಬಿಡುತ್ತದೆ, ಆದರೆ ಅದರ ಎಲ್ಲ ಭಾಗಗಳೂ ವಿಷಕಾರಿ ಆದ್ದರಿಂದ ಚಿಕ್ಕ ಮಕ್ಕಳು ಅಥವಾ ದನಕರುಗಳು ಓಡಾಡುವಲ್ಲಿ ನೆಡಬಾರದು, ಸವರಿದ ಕಡ್ಡಿಗಳನ್ನು ಉರಿಸಲೂಬಾರದು.

ಮರಗಳಲ್ಲಿ ನನ್ನ ಮೊದಲ ಆಯ್ಕೆ ಸುರಹೊನ್ನೆ. ಅದು ನಿಧಾನವಾಗಿ ಬೆಳೆಯುತ್ತದೆ ಎಂಬ ದೂರು ನಿಜ; ಆದರೆ ಒಮ್ಮೆ ನೆಲೆಗೊಂಡರೆ ಅದರ ದಪ್ಪ ಹೊಳಪಿನ ಎಲೆಗಳು ವರ್ಷವಿಡೀ ಉಳಿದು ಉಪ್ಪನ್ನು ಸೋಸುತ್ತವೆ, ಅದರ ಬಿಳಿ ಹೂಗಳ ಪರಿಮಳ ಇಡೀ ತೋಟವನ್ನು ತುಂಬುತ್ತದೆ. ಬುಗುರಿ ಮರವೆಂದೂ ಕರೆಯುವ ಹೂವರಸಿ ಅದಕ್ಕಿಂತ ಬೇಗ ಬೆಳೆಯುತ್ತದೆ ಮತ್ತು ಉಪ್ಪುಮಣ್ಣನ್ನೂ ತಾಳುತ್ತದೆ. ಅದರ ಹೂವು ಹಳದಿಯಾಗಿ ಅರಳಿ ಬಾಡುವ ಹೊತ್ತಿಗೆ ಕೆಂಪು ಛಾಯೆಗೆ ತಿರುಗುತ್ತದೆ. ಮಣ್ಣು ಸ್ವಲ್ಪ ಉಪ್ಪಾಗಿರುವ, ನೀರು ಆಗಾಗ ನಿಲ್ಲುವ ಜಾಗಕ್ಕೆ ಹೊಂಗೆ ಒಗ್ಗುತ್ತದೆ. ಕಾಡುಬಾದಾಮಿ ಉಪ್ಪುಗಾಳಿಗೆ ಹೆದರದಿದ್ದರೂ ಎಲೆಗಳನ್ನು ಒಮ್ಮೆಗೇ ಉದುರಿಸುವ ಮರವಾದ್ದರಿಂದ ಅದೊಂದನ್ನೇ ನಂಬಿ ಗಾಳಿತಡೆ ಮಾಡಬಾರದು. ತೆಂಗಿನ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. ತೆಂಗು ಬಿರುಗಾಳಿಗೆ ಬಗ್ಗಿ ಬದುಕುತ್ತದೆ ನಿಜ, ಆದರೆ ಎಲೆಗಳೆಲ್ಲ ತುದಿಯಲ್ಲಿರುವ ಕಾರಣ ಅದರ ಬುಡದಲ್ಲಿ ಗಾಳಿ ಸರಾಗವಾಗಿ ಹಾಯುತ್ತದೆ. ತೆಂಗಿನ ಸಾಲಿನ ಕೆಳಗೆ ಪೊದೆಗಳಿಲ್ಲದಿದ್ದರೆ ಅದು ತೋಟವನ್ನು ಕಾಯುವುದಿಲ್ಲ.

ಗಾಳಿಮರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬೇಗ ಗಾಳಿತಡೆ ಬೇಕೆನ್ನುವವರೆಲ್ಲ ಮೊದಲು ನೆನೆಯುವುದು ಅದನ್ನೇ. ಬೇರಿನ ಗಂಟುಗಳಲ್ಲಿ ವಾಸಿಸುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿಯ ನೆರವಿನಿಂದ ಗಾಳಿಯ ಸಾರಜನಕವನ್ನು ಬಳಸಿಕೊಳ್ಳುವುದರಿಂದ ಅದು ಬರಿಯ ಮರಳಿನಲ್ಲಿಯೂ ವೇಗವಾಗಿ ಬೆಳೆಯುತ್ತದೆ. ಅದೇ ಮರ ಫ್ಲೋರಿಡಾದ ತೀರದಲ್ಲಿ ಆಕ್ರಮಣಕಾರಿ ಸಸ್ಯವಾಗಿ ಪರಿಣಮಿಸಿದೆ. ಅದರ ಉದುರಿದ ಕಡ್ಡಿಗಳ ದಪ್ಪ ಹಾಸಿನಡಿ ಬೇರೆ ಸಸ್ಯಗಳು ಮೊಳೆಯುವುದು ಕಷ್ಟ, ಅದರ ಮೇಲ್ಮಟ್ಟದ ಬೇರುಗಳು ಕಡಲಾಮೆಗಳು ಗೂಡು ತೋಡುವುದಕ್ಕೂ ಅಡ್ಡಿಯಾಗುತ್ತವೆ. ಆದ್ದರಿಂದ ಗಾಳಿಮರವನ್ನು ಬಳಸಲೇಬೇಕಿದ್ದರೆ ತೀರದ ಮರಳುದಿಣ್ಣೆಯಿಂದ ಹಿಂದೆ, ಕೆಲವು ವರ್ಷಗಳ ತಾತ್ಕಾಲಿಕ ಆಸರೆಯಾಗಿ ನೆಟ್ಟು, ಸುರಹೊನ್ನೆಯಂಥ ಮರಗಳು ಎತ್ತರಕ್ಕೆ ಬಂದ ಮೇಲೆ ಕಡಿದು ತೆಗೆಯುವುದು ಸೂಕ್ತ. ಮೇಲೆ ಹೇಳಿದ ಸ್ಕೆವೋಲಾ ಕೂಡ ತನ್ನ ಮೂಲ ನೆಲದಲ್ಲಿ ತೀರದ ರಕ್ಷಕ, ಕೆರಿಬಿಯನ್ ತೀರದಲ್ಲಿ ಕಳೆ. ದಪ್ಪ ಎಲೆಯ ಕಾರ್ಪೊಬ್ರೋಟಸ್ ಕ್ಯಾಲಿಫೋರ್ನಿಯಾ ಮತ್ತು ಮೆಡಿಟರೇನಿಯನ್ ತೀರಗಳಲ್ಲಿ, ರೋಸಾ ರುಗೋಸಾ ಎಂಬ ಪೂರ್ವ ಏಷ್ಯಾದ ಗುಲಾಬಿ ಉತ್ತರ ಯುರೋಪಿನ ಮರಳುದಿಣ್ಣೆಗಳಲ್ಲಿ ಸ್ಥಳೀಯ ಸಸ್ಯಗಳನ್ನು ಹೊಸಕಿಹಾಕಿವೆ. ಉಪ್ಪು, ಗಾಳಿ, ಬರ ಮೂರನ್ನೂ ಗೆಲ್ಲುವ ಗಿಡಕ್ಕೆ ಹೊಸ ನೆಲದಲ್ಲಿ ಎದುರಾಳಿಯೇ ಇಲ್ಲದಿರುವುದರಿಂದ ಹೀಗಾಗುತ್ತದೆ. ಯಾವ ತೀರದಲ್ಲಿ ತೋಟ ಮಾಡುತ್ತೇವೋ ಆ ತೀರದ ಮೂಲ ಸಸ್ಯಗಳಿಗೆ ಮೊದಲ ಸಾಲಿನಲ್ಲಿ ಪ್ರಾಶಸ್ತ್ಯ ಕೊಡಬೇಕೆಂದು ಒತ್ತಿ ಹೇಳಲು ಇದೇ ಕಾರಣ.

ಆಸರೆ ಸಿಕ್ಕ ಒಳ ಅಂಗಳದಲ್ಲಿ ಆಯ್ಕೆಯ ಹರವು ದೊಡ್ಡದು. ಬೋಗನ್‌ವಿಲ್ಲಾ, ದೇವಕಣಗಿಲೆ, ದಾಸವಾಳ, ನಿತ್ಯಪುಷ್ಪ, ಟೇಬಲ್ ರೋಸ್, ಲೋಳೆಸರ, ಕತ್ತಾಳೆ ಇವೆಲ್ಲ ಅಲ್ಲಿ ಚೆನ್ನಾಗಿ ಬರುತ್ತವೆ. ಇವುಗಳಲ್ಲಿ ದಾಸವಾಳ ಸ್ವಲ್ಪ ಸೂಕ್ಷ್ಮ, ಅದನ್ನು ಮನೆಗೆ ಹತ್ತಿರವಿಡಬೇಕು. ಇಳಿಜಾರು ಮರಳಿನಲ್ಲಿ ಮಣ್ಣು ಹಿಡಿಯಲು ಆಳಕ್ಕೆ ನೇರವಾಗಿ ಬೇರಿಳಿಸುವ ಲಾವಂಚಕ್ಕೆ ಸರಿಸಾಟಿ ಇಲ್ಲ. ಹಣ್ಣಿನ ಗಿಡ ಬೇಕೆನ್ನುವವರು ಸಪೋಟದಿಂದ ಆರಂಭಿಸಬಹುದು, ಅದು ಗಾಳಿಯನ್ನೂ ಉಪ್ಪನ್ನೂ ಚೆನ್ನಾಗಿ ತಾಳುತ್ತದೆ. ನಿಂಬೆ ಜಾತಿಯ ಗಿಡಗಳು, ಬೆಣ್ಣೆಹಣ್ಣು, ಮಾವು ಉಪ್ಪಿಗೆ ಬೇಗ ಸೋಲುತ್ತವೆ. ಬಾಳೆಯ ಎಲೆಯನ್ನು ಗಾಳಿ ಸೀಳಿ ಹಾಕುತ್ತದೆ.

ಮಣ್ಣು ಮತ್ತು ನೀರು

ತೀರದ ಮಣ್ಣು ಹೆಚ್ಚಾಗಿ ಮರಳು. ಅದರಲ್ಲಿ ನೀರೂ ನಿಲ್ಲುವುದಿಲ್ಲ, ಗೊಬ್ಬರದ ಸಾರವೂ ನಿಲ್ಲುವುದಿಲ್ಲ. ಆದರೆ ಉಪ್ಪು ಕೂಡ ನಿಲ್ಲುವುದಿಲ್ಲ ಎಂಬುದು ಅದರ ದೊಡ್ಡ ಗುಣ. ಒಳ್ಳೆಯ ಮಳೆ ಮರಳಿನ ಉಪ್ಪನ್ನು ತೊಳೆದುಹಾಕುತ್ತದೆ. ನಿಜವಾದ ತೊಡಕು ಇರುವುದು ತಗ್ಗಿನಲ್ಲಿ ಸೇರಿಕೊಂಡ ಜೇಡಿಮಣ್ಣಿನಲ್ಲಿ. ಮಣ್ಣಿನ ಸಾರದ ವಿದ್ಯುತ್ ವಾಹಕತೆಯನ್ನು ಪ್ರಯೋಗಾಲಯದಲ್ಲಿ ಅಳೆಸಿದಾಗ ಅದು ಪ್ರತಿ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಆ ಮಣ್ಣನ್ನು ಉಪ್ಪುಮಣ್ಣು ಎಂದು ಪರಿಗಣಿಸುತ್ತಾರೆ. ಹುರುಳಿಕಾಯಿ, ಕ್ಯಾರೆಟ್, ಸ್ಟ್ರಾಬೆರಿ 1 ಡೆಸಿಸೀಮನ್ಸ್ ದಾಟಿದ ಕೂಡಲೇ ಇಳುವರಿ ಕಳೆದುಕೊಳ್ಳತೊಡಗುತ್ತವೆ, ಈರುಳ್ಳಿಯೂ ಹೆಚ್ಚು ಕಡಿಮೆ ಹಾಗೆಯೇ. ಬೀಟ್‌ರೂಟ್ ಮತ್ತು ಶತಾವರಿ ಜಾತಿಯ ಆಸ್ಪರಾಗಸ್ 4ರವರೆಗೂ ತಾಳುತ್ತವೆ. ಬೀಟ್‌ರೂಟಿನ ಕಾಡು ಪೂರ್ವಜ ಕಡಲ ತೀರದ ಸಸ್ಯವೇ ಆಗಿರುವುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಮಡಿಗಳನ್ನು ನೆಲದಿಂದ ಎತ್ತರಿಸಿ ಕಟ್ಟಿದರೆ ಮಳೆಯ ನೀರು ಉಪ್ಪನ್ನು ಕೆಳಕ್ಕೆ ಒಯ್ಯುತ್ತದೆ.

ಉಪ್ಪಾದ ಮಣ್ಣನ್ನು ಸರಿಪಡಿಸಲು ಸಿಹಿನೀರಿಗಿಂತ ಉತ್ತಮ ಔಷಧವಿಲ್ಲ. ನೀರು ಕೆಳಗೆ ಬಸಿದುಹೋಗುವ ಮಣ್ಣಿನಲ್ಲಿ, ಮೇಲಿನ 30 ಸೆಂಟಿಮೀಟರ್ ಆಳದ ಪದರದ ಮೂಲಕ 15 ಸೆಂಟಿಮೀಟರಿನಷ್ಟು ನೀರು ಇಳಿದರೆ ಸುಮಾರು ಅರ್ಧದಷ್ಟು ಉಪ್ಪು, 30 ಸೆಂಟಿಮೀಟರ್ ಇಳಿದರೆ ಸುಮಾರು ಐದರಲ್ಲಿ ನಾಲ್ಕು ಪಾಲು ಉಪ್ಪು ತೊಳೆದುಹೋಗುತ್ತದೆ. ಬಸಿಯಲು ದಾರಿಯಿಲ್ಲದ ಜಾಗದಲ್ಲಿ ಎಷ್ಟು ನೀರು ಸುರಿದರೂ ಪ್ರಯೋಜನವಿಲ್ಲ, ಅಲ್ಲಿ ಮೊದಲು ಬಸಿಗಾಲುವೆ ತೆಗೆಯಬೇಕು. ಜಿಪ್ಸಂ ಹಾಕಿದರೆ ಉಪ್ಪು ಹೋಗುತ್ತದೆ ಎಂಬ ಮಾತನ್ನು ಎಲ್ಲ ಕಡೆಗೂ ಅನ್ವಯಿಸಬಾರದು: ಸೋಡಿಯಂ ಸೇರಿ ಗಟ್ಟಿಯಾದ ಜೇಡಿಮಣ್ಣಿನಲ್ಲಿ ಅದು ಕೆಲಸ ಮಾಡುತ್ತದೆ, ಬರಿಯ ಮರಳಿನಲ್ಲಿ ಅದರ ಅಗತ್ಯವೇ ಇಲ್ಲ.

ಮರಳಿಗೆ ಚೆನ್ನಾಗಿ ಕೊಳೆತ ಕಾಂಪೋಸ್ಟ್ ಸೇರಿಸುವುದು ಒಳ ಅಂಗಳದ ಪಾತಿಗಳಿಗೆ ಅವಶ್ಯ. ಹಸಿ ಗೊಬ್ಬರದಲ್ಲಿಯೇ ಉಪ್ಪು ಹೆಚ್ಚಿರುವುದರಿಂದ ಅದನ್ನು ಬಳಸಬಾರದು. ಮೊದಲ ಸಾಲಿನ ಗಿಡಗಳಿಗೆ ಮಾತ್ರ ಹೆಚ್ಚು ಪೋಷಣೆ ಕೊಡದಿರುವುದೇ ಒಳಿತು, ಏಕೆಂದರೆ ಸಾರಜನಕ ಉಂಡು ಸೊಕ್ಕಿದ ಮೃದು ಚಿಗುರು ಉಪ್ಪಿಗೆ ಮೊದಲು ಬಲಿಯಾಗುತ್ತದೆ. ಪೊಟ್ಯಾಷ್ ಹಾಕಬೇಕಾದಾಗ ಕ್ಲೋರೈಡ್ ಇರುವ ಮ್ಯೂರಿಯೇಟ್ ಬದಲು ಸಲ್ಫೇಟ್ ಆಫ್ ಪೊಟ್ಯಾಷ್ ಆರಿಸಬೇಕು. ಚಿಪ್ಪಿನ ಚೂರುಗಳು ಸೇರಿದ ಮರಳು ಕ್ಷಾರವಾಗಿರುತ್ತದೆ. ಅಂಥಲ್ಲಿ ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಉಪ್ಪಿನ ಸುಡುವಿಕೆಯಾಗಿರದೆ ಕಬ್ಬಿಣದ ಕೊರತೆಯಾಗಿರುವ ಸಂಭವವೇ ಹೆಚ್ಚು.

ತೀರದ ಬಾವಿಯ ನೀರನ್ನು ಬಳಸುವವರು ಒಂದು ಲೆಕ್ಕವನ್ನು ತಿಳಿದಿರಬೇಕು. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ನೆಲದೊಳಗೆ ಅದು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಘೈಬೆನ್ ಮತ್ತು ಹರ್ಜ್‌ಬರ್ಗ್ ಎಂಬ ವಿಜ್ಞಾನಿಗಳ ಹೆಸರಿನಲ್ಲಿರುವ ನಿಯಮದ ಪ್ರಕಾರ ಅಂತರ್ಜಲ ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಸಮುದ್ರಮಟ್ಟದ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರಿರುತ್ತದೆ. ಇದರ ಇನ್ನೊಂದು ಮುಖ ಆತಂಕಕಾರಿಯಾದದ್ದು: ಪಂಪಿನಿಂದ ಅತಿಯಾಗಿ ನೀರೆತ್ತಿ ಅಂತರ್ಜಲದ ಮಟ್ಟ ಸ್ವಲ್ಪವೇ ಇಳಿದರೂ ಕೆಳಗಿನ ಉಪ್ಪುನೀರು ಅದರ ಹಲವು ಪಟ್ಟು ಮೇಲೇರಲು ಹವಣಿಸುತ್ತದೆ. ತೋಟಕ್ಕಾಗಿ ಬಾವಿಯನ್ನು ಬರಿದು ಮಾಡುವುದು ಅಕ್ಕಪಕ್ಕದವರ ಕುಡಿಯುವ ನೀರನ್ನೂ ಕೆಡಿಸುವ ಕೆಲಸ. ಮಳೆನೀರನ್ನು ಹಿಡಿದಿಟ್ಟು, ಹನಿ ನೀರಾವರಿಯಲ್ಲಿ ಮಿತವಾಗಿ ಬಳಸುವುದು ಸರಿಯಾದ ದಾರಿ. ಹನಿ ನೀರಾವರಿಯಲ್ಲಿ ಉಪ್ಪು ಒದ್ದೆಯಾದ ಮಣ್ಣಿನ ಅಂಚಿನಲ್ಲಿ ಸೇರಿಕೊಂಡಿರುತ್ತದೆ; ದೀರ್ಘ ಒಣಹವೆಯ ನಂತರ ಬೀಳುವ ಮೊದಲ ತುಂತುರು ಮಳೆ ಅದನ್ನು ಬೇರಿನ ಬಳಿಗೆ ತಳ್ಳಬಲ್ಲದು, ಆದ್ದರಿಂದ ಆ ಹೊತ್ತಿನಲ್ಲಿ ಹನಿ ನೀರನ್ನು ನಿಲ್ಲಿಸದೆ ಮುಂದುವರಿಸಬೇಕು. ಸ್ವಲ್ಪವಾದರೂ ಉಪ್ಪಿರುವ ನೀರನ್ನು ಎಲೆಗಳ ಮೇಲೆ ಚಿಮುಕಿಸಲೇಬಾರದು.

ನೆಡುವ ಕ್ರಮ

ದೊಡ್ಡ ಗಿಡ ತಂದು ನೆಟ್ಟರೆ ತೋಟ ಬೇಗ ತುಂಬುತ್ತದೆ ಎಂಬ ಆಸೆ ಕಡಲಂಚಿನಲ್ಲಿ ಫಲಿಸುವುದಿಲ್ಲ. ಕುಂಡದಲ್ಲಿ ಎತ್ತರಕ್ಕೆ ಬೆಳೆದ ಗಿಡಕ್ಕೆ ತಲೆ ದೊಡ್ಡದು, ಬೇರು ಚಿಕ್ಕದು. ಗಾಳಿ ಅದನ್ನು ಬುಡಸಮೇತ ಅಲ್ಲಾಡಿಸುತ್ತಿರುವವರೆಗೂ ಹೊಸ ಬೇರು ಮಣ್ಣಿಗೆ ಕಚ್ಚಿಕೊಳ್ಳದು. ಒಂದೆರಡು ವರ್ಷದ, ಮೊಣಕಾಲೆತ್ತರದ ಗಟ್ಟಿಮುಟ್ಟಾದ ಸಸಿ ಕೆಲವೇ ವರ್ಷಗಳಲ್ಲಿ ಅದನ್ನು ಹಿಂದೆ ಹಾಕುತ್ತದೆ. ಮಳೆಗಾಲದ ಆರಂಭದಲ್ಲಿ, ಅತಿ ಬಿರುಸಿನ ಗಾಳಿಯ ವಾರಗಳನ್ನು ತಪ್ಪಿಸಿ ನೆಡಬೇಕು. ನೆಡುವ ಮುನ್ನ ಸಸಿಗಳನ್ನು ಕೆಲವು ವಾರ ತೋಟದ ಬಳಿಯೇ ಅರೆ ಆಸರೆಯಲ್ಲಿಟ್ಟು ಗಾಳಿಗೆ ಒಗ್ಗಿಸಿದರೆ ಇನ್ನೂ ಒಳ್ಳೆಯದು.

ಪೊದೆಗಳನ್ನು ಸುಮಾರು ಒಂದೂವರೆಯಿಂದ ಎರಡು ಮೀಟರ್, ಮರಗಳನ್ನು ಮೂರರಿಂದ ನಾಲ್ಕು ಮೀಟರ್ ಅಂತರದಲ್ಲಿ, ಒಂದು ಸಾಲಿನ ತೆರಪಿಗೆ ಇನ್ನೊಂದು ಸಾಲಿನ ಗಿಡ ಬರುವಂತೆ ನೆಡಬೇಕು. ಸಸಿಯನ್ನು ತಗ್ಗಾದ ಗುಳಿಯಲ್ಲಿ ನೆಟ್ಟು, ತೆಗೆದ ಮಣ್ಣನ್ನು ಗಾಳಿ ಬರುವ ಕಡೆ ಒಡ್ಡಿನಂತೆ ಹಾಕಿದರೆ ಮೊದಲ ತಿಂಗಳುಗಳಲ್ಲಿ ಅದೇ ಆಸರೆಯಾಗುತ್ತದೆ. ಆಧಾರದ ಕೋಲು ಅಗತ್ಯವಿರುವ ಮರಗಳಿಗೆ ಕಾಂಡದ ಮೂರನೆಯ ಒಂದು ಭಾಗದಷ್ಟು ಎತ್ತರದಲ್ಲಿ, ಅಗಲವಾದ ಮೆತ್ತನೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಬೇಕು. ಕಾಂಡ ಸ್ವಲ್ಪ ತೂಗಾಡಿದರೆ ಅದರ ಬುಡ ದಪ್ಪವಾಗುತ್ತದೆ, ಬೇರು ಹರಡುತ್ತದೆ. ಅಲುಗಾಡದಂತೆ ಬಿಗಿದ ಮರ ಕಟ್ಟು ಬಿಚ್ಚಿದ ದಿನವೇ ಮುರಿಯಬಹುದು. ಒಂದು ವರ್ಷ ಕಳೆದ ಮೇಲೆ ಕೋಲನ್ನು ತೆಗೆಯಬೇಕು. ಬುಡಕ್ಕೆ ಹಾಕುವ ಹೊದಿಕೆ ಹುಲ್ಲು, ಒಣ ಎಲೆಯಂತೆ ಹಗುರವಾಗಿದ್ದರೆ ಹಾರಿಹೋಗುತ್ತದೆ, ಆದ್ದರಿಂದ ತೆಂಗಿನ ಸಿಪ್ಪೆ, ದಪ್ಪ ತೊಗಟೆ ಅಥವಾ ಜಲ್ಲಿಕಲ್ಲು ಬಳಸುವುದು ಲೇಸು.

ಬೇಲಿಯ ಮೊಳೆ, ಸರಳು, ತಂತಿಗಳ ಆಯ್ಕೆಯನ್ನೂ ಸಸಿಯ ಆಯ್ಕೆಯಷ್ಟೇ ಗಂಭೀರವಾಗಿ ಪರಿಗಣಿಸಬೇಕು. ಸಾಮಾನ್ಯ ಕಬ್ಬಿಣ ಇಲ್ಲಿ ಬಹುಕಾಲ ಬಾಳುವುದಿಲ್ಲ. ಬಿಸಿ ಸತುವಿನ ಲೇಪದ ಕಬ್ಬಿಣ, ಅದಕ್ಕಿಂತ ಉತ್ತಮವಾಗಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಇಲ್ಲವೇ ಮರ ಮತ್ತು ಕಲ್ಲು ಬಳಸಬೇಕು.

ಮರಳುದಿಣ್ಣೆ ಮತ್ತು ದೀಪ

ತೋಟದ ಮುಂದೆ ಮರಳುದಿಣ್ಣೆಯಿದ್ದರೆ ಅದನ್ನು ಸಮತಟ್ಟು ಮಾಡುವುದಾಗಲಿ, ಅದರ ಮೇಲೆ ಹುಲ್ಲುಹಾಸು ಬೆಳೆಸುವುದಾಗಲಿ, ಅದನ್ನು ತುಳಿದು ಹಲವು ದಾರಿಗಳನ್ನು ಮಾಡುವುದಾಗಲಿ ಕೂಡದು. ಅಲೆಯ ಹೊಡೆತವನ್ನೂ ಗಾಳಿಯನ್ನೂ ಮೊದಲು ಎದುರಿಸುವುದು ಆ ದಿಣ್ಣೆಯೇ. ಅದರ ಬಳ್ಳಿ ಹುಲ್ಲುಗಳು ಸತ್ತರೆ ಮರಳು ಹಾರಿ ತೋಟದ ಮೇಲೆಯೇ ಬಂದು ಬೀಳುತ್ತದೆ. ತೀರದಂಚಿನಲ್ಲಿ ಗಿಡ ಕಡಿಯುವುದಕ್ಕೂ ಕಟ್ಟುವುದಕ್ಕೂ ಅನೇಕ ದೇಶಗಳಲ್ಲಿ ಕಾನೂನಿನ ನಿರ್ಬಂಧಗಳಿವೆ, ಕೆಲಸ ಆರಂಭಿಸುವ ಮುನ್ನ ಅವನ್ನು ತಿಳಿದುಕೊಳ್ಳಬೇಕು. ಕಡಲಾಮೆಗಳು ಮೊಟ್ಟೆಯಿಡುವ ತೀರವಾದರೆ ತೋಟದ ದೀಪಗಳ ಬಗ್ಗೆಯೂ ಎಚ್ಚರ ಬೇಕು. ಮರಿಗಳು ರಾತ್ರಿ ಗೂಡಿನಿಂದ ಹೊರಬಂದು ಹೆಚ್ಚು ಬೆಳಕಿರುವ ದಿಗಂತದ ಕಡೆಗೆ, ಅಂದರೆ ಸಹಜವಾಗಿ ಕಡಲಿನ ಕಡೆಗೆ, ತೆವಳುತ್ತವೆ. ತೋಟದ ಬಿಳಿ ದೀಪ ಅವನ್ನು ದಿಕ್ಕು ತಪ್ಪಿಸಿ ಸಾವಿಗೆ ದೂಡುತ್ತದೆ. ದೀಪಗಳನ್ನು ನೆಲಕ್ಕೆ ಹತ್ತಿರವಾಗಿ, ತೀರದಿಂದ ಕಾಣದಂತೆ ಮರೆ ಮಾಡಿ, ಕೇಸರಿ ಅಥವಾ ಕೆಂಪು ಬೆಳಕಿನವನ್ನು ಮಾತ್ರ ಇಡಬೇಕು, ಮರಿಗಳು ಹೊರಬರುವ ತಿಂಗಳುಗಳಲ್ಲಿ ಆರಿಸಿಬಿಡಬೇಕು. ಎತ್ತರಕ್ಕೆ ಬೆಳೆದ ಗಾಳಿತಡೆ ಮನೆಯ ಬೆಳಕನ್ನು ತೀರಕ್ಕೆ ಮರೆಮಾಡಿ ಈ ಕೆಲಸಕ್ಕೂ ನೆರವಾಗುತ್ತದೆ.

ಬಿರುಗಾಳಿಯ ನಂತರ

ಮಳೆಯಿಲ್ಲದ ಬಿರುಗಾಳಿ ಮಳೆ ಸಮೇತ ಬಂದ ಬಿರುಗಾಳಿಗಿಂತ ಹೆಚ್ಚು ಹಾನಿಕರ, ಏಕೆಂದರೆ ಎಲೆಗಳ ಮೇಲಿನ ಉಪ್ಪನ್ನು ತೊಳೆಯುವವರು ಯಾರೂ ಇರುವುದಿಲ್ಲ. ಗಾಳಿ ನಿಂತ ಕೂಡಲೇ, ಬಿಸಿಲೇರುವ ಮುನ್ನ, ಒಳ ಅಂಗಳದ ಗಿಡಗಳ ಎಲೆಗಳನ್ನು ಎರಡೂ ಬದಿಯಲ್ಲಿ ಸಿಹಿನೀರಿನಿಂದ ತೊಳೆಯಬೇಕು. ಸಮುದ್ರದ ನೀರೇ ನುಗ್ಗಿದ್ದರೆ, ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವ ಆ ನೀರು ನಿಲ್ಲದಂತೆ ಮೊದಲು ಹರಿಯಬಿಟ್ಟು, ಸೇರಿಕೊಂಡ ಕೆಸರು ಮತ್ತು ಕಸವನ್ನು ತೆಗೆದು, ಆಮೇಲೆ ಮೇಲೆ ಹೇಳಿದಂತೆ ಸಿಹಿನೀರಿನಿಂದ ಮಣ್ಣನ್ನು ತೊಳೆಯಬೇಕು. ಗಿಡ ಸೊರಗಿದೆಯೆಂದು ಗೊಬ್ಬರ ಹಾಕಬಾರದು; ರಾಸಾಯನಿಕ ಗೊಬ್ಬರವೂ ಒಂದು ಬಗೆಯ ಉಪ್ಪೇ ಆದ್ದರಿಂದ ಅದು ಬೇರಿನ ಸಂಕಟವನ್ನು ಹೆಚ್ಚಿಸುತ್ತದೆ.

ಎಲೆಗಳೆಲ್ಲ ಕಂದಾಗಿ ಉದುರಿದ ಗಿಡವನ್ನು ಸತ್ತಿತೆಂದು ಕೀಳಲು ಆತುರಪಡಬಾರದು. ಕಾಂಡದ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿದಾಗ ಒಳಗೆ ಹಸಿರಿದ್ದರೆ ಅದು ಜೀವಂತವಾಗಿದೆ. ಮುರಿದು ನೇತಾಡುವ ರೆಂಬೆಗಳನ್ನು ಕೂಡಲೇ ತೆಗೆಯಬೇಕು, ಆದರೆ ಸುಟ್ಟಂತೆ ಕಾಣುವ ರೆಂಬೆಗಳನ್ನು ಹಾಗೆಯೇ ಬಿಡಬೇಕು: ಅವು ಒಣಗಿದ್ದರೂ ಹಿಂದಿನ ಮೊಗ್ಗುಗಳಿಗೆ ಗಾಳಿಯಿಂದ ಮರೆಯಾಗಿರುತ್ತವೆ, ಮತ್ತು ಚಿಗುರು ಎಲ್ಲಿಂದ ಹೊಮ್ಮುತ್ತದೆ ಎಂಬುದು ತಿಳಿಯುವವರೆಗೆ ಎಲ್ಲಿ ಕತ್ತರಿಸಬೇಕೆಂಬುದೂ ತಿಳಿಯದು. ಬಿರುಗಾಳಿಯ ಋತು ಮುಗಿದು ಹೊಸ ಚಿಗುರು ಬೆರಳುದ್ದ ಬಂದ ಮೇಲೆ, ಆ ಚಿಗುರಿನ ಮೇಲ್ಭಾಗಕ್ಕೆ ಸರಿಯಾಗಿ ಸವರಬೇಕು. ಮೊದಲ ಸಾಲಿನ ಪೊದೆಗಳ ಕಡಲ ಕಡೆಯ ಮುಖವನ್ನು ಮಾತ್ರ ಆಗಲೂ ಸವರದೆ, ಗಾಳಿಯೇ ಕೆತ್ತಿದ ಆಕಾರದಲ್ಲಿ ಬಿಟ್ಟುಬಿಡಬೇಕು.